ಅಕ್ಕ ಸುಮ್ಮನಿದ್ದ ಒಂದು ನಿಮಿಷ

ನನ್ನ ಭಾವ ಕೆಲಸ ಮಾಡುವ ಕೋಣೆಗೆ ಕಿಟಕಿಯಿಲ್ಲ. ಸಂಸ್ಥೆಯ ನೆಲಮಾಳಿಗೆಯಲ್ಲಿ, ನೀರಿನ ಪಂಪಿನ ಪಕ್ಕದಲ್ಲಿದೆ. ಮೂರು ಕಬ್ಬಿಣದ ಬೀರು, ಒಂದು ಉದ್ದನೆಯ ಮೇಜು, ಗೋಡೆಯ ಮೊಳೆಗಳಿಗೆ ಅಳತೆ ಪ್ರಕಾರ ಸುತ್ತಿ ನೇತುಹಾಕಿದ ವೈರುಗಳು. ಕ್ಯಾಮೆರಾ, ಮೈಕು, ರೆಕಾರ್ಡರು ಬೇಕಾದವರು ಅವರ ಮುಂದೆ ನಿಂತು ಸಹಿ ಹಾಕಿ ಒಯ್ಯಬೇಕು, ಸಹಿ ಹಾಕಿ ವಾಪಸು ಕೊಡಬೇಕು. ಇಪ್ಪತ್ತಾರು ವರ್ಷದಿಂದ ಅವರದು ಇದೇ ಕೆಲಸ. ನಾನು ಅದೇ ಕಟ್ಟಡದ ಎರಡನೇ ಮಹಡಿಯಲ್ಲಿ ಗುಮಾಸ್ತ. ನನ್ನನ್ನು ಅಲ್ಲಿಗೆ ಸೇರಿಸಿದವರು ಭಾವ ಎಂಬುದನ್ನು ಅಕ್ಕ ವಾರಕ್ಕೊಂದು ಸಲವಾದರೂ ನೆನಪಿಸುತ್ತಿದ್ದಳು.

ಪ್ರತಿ ಬೇಸಿಗೆಯಲ್ಲಿ ನಮ್ಮಲ್ಲಿಗೆ ಹೊರದೇಶಗಳಿಂದ ಇಪ್ಪತ್ತು ಇಪ್ಪತ್ತೆರಡು ವಿದ್ಯಾರ್ಥಿಗಳು ಆರು ವಾರದ ಮಟ್ಟಿಗೆ ಬರುತ್ತಾರೆ. ಮಾಧ್ಯಮ ಮತ್ತು ಅಂತರ್‌ಸಾಂಸ್ಕೃತಿಕ ಸಂವಹನ ಎಂದು ಅವರ ಪಾಠಕ್ಕೆ ಹೆಸರು. ಈ ಹೆಸರು ಹೇಳಿ ಮುಗಿಸುವಷ್ಟರಲ್ಲಿ ಆರು ವಾರ ಕಳೆದುಹೋಗುತ್ತೆ ಎಂದು ಅಕ್ಕ ನಗುತ್ತಿದ್ದಳು. ನಾವೆಲ್ಲ ಬೇಸಿಗೆ ಶಾಲೆ ಎನ್ನುತ್ತಿದ್ದೆವು. ಆ ಮಕ್ಕಳು ಊರಿನಲ್ಲಿ ಓಡಾಡಿ, ಗುರುತಿಲ್ಲದವರನ್ನು ಮಾತಾಡಿಸಿ, ಚಿಕ್ಕ ಚಿಕ್ಕ ಚಿತ್ರಗಳನ್ನು ಮಾಡಿ ತೋರಿಸಿ, ಕೊನೆಯ ದಿನ ಒಬ್ಬರನ್ನೊಬ್ಬರು ತಬ್ಬಿಕೊಂಡು ಅತ್ತು ವಿಮಾನ ಹತ್ತುತ್ತಾರೆ.

ಅವರು ಭಾವನಿಗೆ ಇಟ್ಟ ಅಡ್ಡಹೆಸರು ‘ಒಂದು ನಿಮಿಷ’. ಅದಕ್ಕೆ ಕಾರಣವಿದೆ. ಮೊದಲ ದಿನವೇ ಭಾವ ಎಲ್ಲರನ್ನೂ ತಮ್ಮ ಕೋಣೆಯಲ್ಲಿ ನಿಲ್ಲಿಸಿ ಬಾಗಿಲು ಹಾಕಿ, ರೆಕಾರ್ಡರಿನ ಗುಂಡಿ ಒತ್ತಿ, ಒಂದು ನಿಮಿಷ ಯಾರೂ ಉಸಿರೆತ್ತಬಾರದು ಎನ್ನುತ್ತಿದ್ದರು. ಒಂದೊಂದು ಕೋಣೆಗೂ ಅದರದೇ ಒಂದು ಸದ್ದಿರುತ್ತದೆ. ಫ್ಯಾನು, ನಲ್ಲಿ, ಗಡಿಯಾರ, ಗೋಡೆಯಾಚೆಯ ರಸ್ತೆ, ಎಲ್ಲ ಸೇರಿ. ಯಾರನ್ನಾದರೂ ಮಾತಾಡಿಸುವ ಮೊದಲು ಆ ಸದ್ದನ್ನು ಒಂದು ನಿಮಿಷ ಹಿಡಿದಿಟ್ಟುಕೊಳ್ಳಬೇಕು. ಆಮೇಲೆ ಚಿತ್ರ ಜೋಡಿಸುವಾಗ ಮಾತು ಕತ್ತರಿಸಿದ ಕಡೆ ಅದೇ ಕೋಣೆಯ ಮೌನವನ್ನು ತೇಪೆ ಹಾಕಬೇಕು. ಇಲ್ಲದಿದ್ದರೆ ಕೇಳುವವರಿಗೆ ಅಲ್ಲೊಂದು ತೂತು ಬಿದ್ದ ಹಾಗೆ ಕೇಳಿಸುತ್ತದಂತೆ. ಕೈಗಡಿಯಾರ ನೋಡಿಕೊಂಡು ಸರಿಯಾಗಿ ಅರವತ್ತು ಸೆಕೆಂಡಿಗೆ ಗುಂಡಿ ಒತ್ತಿ, “ಸಾಕು” ಎನ್ನುತ್ತಿದ್ದರು. ಐವತ್ತೊಂಬತ್ತೂ ಇಲ್ಲ, ಅರವತ್ತೊಂದೂ ಇಲ್ಲ.

ಭಾವನ ಎರಡನೇ ನಿಯಮ ಇನ್ನೂ ಕಟ್ಟುನಿಟ್ಟು. ಯಾರನ್ನು ರೆಕಾರ್ಡು ಮಾಡುತ್ತಾರೋ ಅವರಿಂದ ಒಂದು ಒಪ್ಪಿಗೆ ಪತ್ರ ಬರೆಸಿಕೊಳ್ಳಬೇಕು. ಅದರಲ್ಲಿ ಎರಡು ಚೌಕ. ‘ನನ್ನ ಮಾತನ್ನು ಇಟ್ಟುಕೊಳ್ಳಬಹುದು’ ಎಂದು ಒಂದು, ‘ಪಾಠ ಮುಗಿದ ಮೇಲೆ ಅಳಿಸಿಬಿಡಿ’ ಎಂದು ಇನ್ನೊಂದು. ವಿದ್ಯಾರ್ಥಿಗಳು ಹೋದ ಮಾರನೆಯ ದಿನ ಭಾವ ಪತ್ರಗಳ ಕಟ್ಟು ಮುಂದಿಟ್ಟುಕೊಂಡು ಕೂರುತ್ತಿದ್ದರು. ಅಳಿಸಿ ಎಂದವರ ಮಾತಿದ್ದ ಮೆಮೊರಿ ಕಾರ್ಡುಗಳನ್ನು ಒಂದೊಂದಾಗಿ ಅಳಿಸುತ್ತಿದ್ದರು. ಅಷ್ಟಕ್ಕೇ ಬಿಡುತ್ತಿರಲಿಲ್ಲ. ಅಳಿಸಿದ್ದನ್ನು ಮತ್ತೆ ತೆಗೆಯುವ ಚಾಲಾಕಿಗಳಿರುತ್ತಾರೆಂದು, ಆ ಕಾರ್ಡನ್ನು ರೆಕಾರ್ಡರಿಗೆ ಹಾಕಿ ಬೀರುವಿನೊಳಗಿಟ್ಟು ಬಾಗಿಲು ಮುಚ್ಚಿ, ಕಾರ್ಡು ತುಂಬುವವರೆಗೆ ಕತ್ತಲೆಯನ್ನು ರೆಕಾರ್ಡು ಮಾಡುತ್ತಿದ್ದರು. “ಬೇರೆಯವರ ಮಾತು ನಮ್ಮ ಹತ್ರ ಉಳೀಬಾರ್ದು ಕಣಯ್ಯ” ಎನ್ನುತ್ತಿದ್ದರು. ಈ ನೇಮ ನಿಷ್ಠೆಯನ್ನು ನಾನು ಮನಸಾರೆ ಗೇಲಿ ಮಾಡುತ್ತಿದ್ದೆ.

ಇಂಥ ಮನುಷ್ಯನಿಗೆ ಗಂಟು ಬಿದ್ದವಳು ನಮ್ಮಕ್ಕ. ಅವಳ ಬಾಯಿಗೆ ಬಿಡುವೆಂಬುದೇ ಇರಲಿಲ್ಲ. ಹಾಲಿನವನು ಬಾಗಿಲಿಗೆ ಬಂದರೆ ಅವನ ಹೆಂಡತಿಯ ಮಂಡಿನೋವಿನವರೆಗೆ ಹೋಗುತ್ತಿದ್ದಳು. ಯಾರೂ ಸಿಗದಿದ್ದರೆ ಒಲೆಯ ಮೇಲಿನ ಪಾತ್ರೆಯನ್ನು ಬೈಯುತ್ತಿದ್ದಳು. ಭಾವ ಮೂವತ್ತೊಂದು ವರ್ಷ ಪೇಪರಿನ ಹಿಂದಿನಿಂದ “ಹ್ಞೂಂ” ಎಂದಿದ್ದಾರೆ. ಒಂದೇ ಹ್ಞೂಂಕಾರದಲ್ಲಿ ಒಪ್ಪಿಗೆ, ಬೇಸರ, ಹಸಿವು ಎಲ್ಲವನ್ನೂ ಅವಳು ಬೇರೆ ಬೇರೆಯಾಗಿ ಗುರುತಿಸುತ್ತಿದ್ದಳು. ಮಕ್ಕಳಿಲ್ಲದ ಮನೆ. ಆದರೂ ಹೊರಗಿನಿಂದ ಕೇಳಿದವರಿಗೆ ಅದು ಹತ್ತು ಜನರ ಮನೆ ಅನ್ನಿಸಬೇಕು, ಹಾಗಿತ್ತು. ನಾನು ಮದುವೆಯಾಗದವನು, ರಾತ್ರಿಯೂಟಕ್ಕೆ ಅಲ್ಲೇ. ತಲೆ ತಿನ್ನಬೇಡ ಕಣೇ ಎಂದು ನಾನು ರೇಗುತ್ತಿದ್ದೆ. “ನಿನ್ನ ತಲೇಲಿ ತಿನ್ನೋಕೆ ಏನೋ ಇದೆ?” ಎನ್ನುತ್ತಿದ್ದಳು.

ಹೋದ ವರ್ಷದ ಬೇಸಿಗೆ ಶಾಲೆಯಲ್ಲಿ ಒಬ್ಬಳು ಹುಡುಗಿ ಬಂದಿದ್ದಳು. ಉದ್ದ ಕಾಲು, ಉದ್ದ ಕುತ್ತಿಗೆ. ಅಕ್ಕ ನೋಡಿದ ತಕ್ಷಣ ಕೊಕ್ಕರೆ ಎಂದು ಹೆಸರಿಟ್ಟಳು. ಮಕ್ಕಳಿಗೆ ಆ ಸಲ ಕೊಟ್ಟ ಅಭ್ಯಾಸ ವಿಚಿತ್ರವಾಗಿತ್ತು. ನಿಮಗೆ ಬಾರದ ಭಾಷೆಯವರ ಎದುರು ಕೂತು ಕೇಳಿ, ಅವರು ಏನು ಹೇಳುತ್ತಿದ್ದಾರೆಂದು ಮುಖ, ಕೈ, ದನಿ ನೋಡಿಯೇ ಊಹಿಸಿ ಬರೆಯಿರಿ, ಆಮೇಲೆ ಭಾಷೆ ಬಲ್ಲವರನ್ನು ಕೂರಿಸಿಕೊಂಡು ಎಷ್ಟು ಸರಿ ನೋಡಿ ಎಂದು. ಕೊಕ್ಕರೆಗೆ ಯಾರೂ ಸಿಗಲಿಲ್ಲ. ಗುರುತಿಲ್ಲದ, ಭಾಷೆ ತಿಳಿಯದ ಹುಡುಗಿಯ ಮುಂದೆ ಗಂಟೆಗಟ್ಟಲೆ ಮಾತಾಡಲು ಯಾರಿಗೆ ಬರುತ್ತದೆ?

“ನಮ್ಮನೇಲಿ ಒಬ್ಬಳಿದಾಳೆ” ಎಂದು ಭಾವ ಹೇಳಿದರು. ಅವರು ನನ್ನೆದುರು ಮಾಡಿದ ಒಂದೇ ತಮಾಷೆ ಅದು.

ಒಂದು ಭಾನುವಾರ ಮಧ್ಯಾಹ್ನ ಕೊಕ್ಕರೆ ಬಂದಳು. ಅಡುಗೆಮನೆಯ ಮೇಜಿನ ಮೇಲೆ ಭಾವನೇ ರೆಕಾರ್ಡರು ಇಟ್ಟು ಮೈಕು ತಿರುಗಿಸಿದರು. ಅಕ್ಕ ಹಿಟ್ಟು ಕಲಸುತ್ತಿದ್ದವಳು ಆಗಲೇ ಶುರು ಮಾಡಿದ್ದಳು: ಈ ಹುಡುಗಿ ಇಷ್ಟು ಸಣಕಲು ಯಾಕೆ, ಇವರಮ್ಮ ಊಟ ಹಾಕ್ತಾಳೋ ಇಲ್ವೋ.

“ಏ, ಒಂದು ನಿಮಿಷ ಸುಮ್ನಿರು” ಎಂದರು ಭಾವ. “ಕೋಣೆ ಸದ್ದು ಹಿಡೀಬೇಕು.”

“ನನ್ನ ಅಡುಗೆಮನೇಲಿ ನಾನ್ಯಾಕ್ರೀ ಸುಮ್ನಿರ್ಲಿ?”

“ಒಂದೇ ನಿಮಿಷ.”

ಸೆರಗಿನ ತುದಿಯನ್ನು ಬಾಯಿಗೆ ಒತ್ತಿಕೊಂಡು ಅಕ್ಕ ಕೂತಳು. ನಾನು ಬಾಗಿಲಲ್ಲಿ ನಿಂತಿದ್ದೆ. ನಗು ತಡೆಯಲಾರದೆ ಅವಳ ಭುಜ ಕುಲುಕುತ್ತಿತ್ತು. ನನ್ನ ನೆನಪಿನಲ್ಲಿ ಅಕ್ಕ ಎಚ್ಚರವಿದ್ದೂ ಒಂದು ನಿಮಿಷ ಪೂರ್ತಿ ಸುಮ್ಮನಿದ್ದದ್ದು ಅದೊಂದೇ ಸಲ. ಭಾವ ಗುಂಡಿ ಒತ್ತಿ “ಸಾಕು” ಎಂದು, ಮತ್ತೆ ಹೊಸದಾಗಿ ಶುರು ಮಾಡಿಕೊಟ್ಟು, ನನ್ನನ್ನೂ ಕರೆದುಕೊಂಡು ಹೊರಗೆ ಹೋದರು. ಕೇಳುವವರ ಎದುರು ಮೂರನೆಯವರು ಇರಬಾರದು, ಅದೂ ಒಂದು ನಿಯಮ.

ಕೊಕ್ಕರೆ ಮೂರು ಮಧ್ಯಾಹ್ನ ಬಂದಳು. ಒಟ್ಟು ನಾಲ್ಕು ಗಂಟೆಗೂ ಮಿಕ್ಕಿ ರೆಕಾರ್ಡಾಯಿತು. ಮೂರನೇ ದಿನ ನಾನು ಹೋದಾಗ ಇಬ್ಬರ ಕಣ್ಣೂ ಕೆಂಪಗಿತ್ತು. ಆ ಹುಡುಗಿ ಅಕ್ಕನ ಕೈ ಹಿಡಿದುಕೊಂಡಿದ್ದಳು. ಒಂದು ಪದವೂ ತಿಳಿಯದವಳು ಏನಕ್ಕೆ ಅತ್ತಳೋ. ಊಹೆ ಸರಿಯೇ ಎಂದು ನೋಡುವ ದಿನ ಭಾಷಾಂತರಕ್ಕೆ ನನ್ನನ್ನೇ ಕರೆದಿದ್ದರು. ಅಕ್ಕ ಖಂಡಿತಾ ಆಗದು ಎಂದಳು. ಕೊಕ್ಕರೆ ತನ್ನ ಊಹೆಯನ್ನು ಯಾರಿಂದಲೂ ಸರಿನೋಡಿಸದೆಯೇ ಒಪ್ಪಿಸಿದಳು.

“ನಿನ್ನ ಮುಂದೆ ಹೇಳೋ ಹಾಗಿದ್ದಿದ್ರೆ ಅವಳಿಗ್ಯಾಕೋ ಹೇಳ್ತಿದ್ದೆ?”

“ಅಂಥದ್ದೇನೇ ಹೇಳಿದ್ದು?”

“ಹೇಳ್ಬೇಕು ಅನ್ನಿಸಿದ್ದು. ಯಾವತ್ತಾದ್ರೂ ನಿಮಗೂ ಹೇಳ್ತೀನಿ, ಕೂತು ಕೇಳೋ ಹಾಗಿದ್ರೆ.”

ನಾನು ಕೂರಲಿಲ್ಲ. ನಾಳೆ ಇದ್ದೇ ಇರುತ್ತಾಳಲ್ಲ. ಪಾಠ ಮುಗಿಯಿತು, ಮಕ್ಕಳು ಅತ್ತು ವಿಮಾನ ಹತ್ತಿದರು, ಭಾವ ಬಾಗಿಲು ಹಾಕಿಕೊಂಡು ಕಾರ್ಡು ಅಳಿಸಿದರು.

ಆ ವರ್ಷದ ಚಳಿಗಾಲದಲ್ಲಿ ಅಕ್ಕ ಹೋದಳು. ಬೆಳಿಗ್ಗೆ ತಲೆನೋವು ಎಂದಳು, ಮಧ್ಯಾಹ್ನಕ್ಕೆ ಮಾತು ನಿಂತಿತು. ಮಾತು ನಿಂತದ್ದೇ ನಮಗೆ ಅರ್ಥವಾಗಲಿಲ್ಲ, ಕೋಪ ಮಾಡಿಕೊಂಡಿದ್ದಾಳೆಂದು ಭಾವ ಒಂದು ಗಳಿಗೆ ಸುಮ್ಮನೆ ನೋಡುತ್ತಾ ನಿಂತಿದ್ದರಂತೆ. ಆಸ್ಪತ್ರೆಯಲ್ಲಿ ಎರಡು ದಿನ ಇದ್ದಳು. ಮಿದುಳಿನಲ್ಲಿ ರಕ್ತ ಹೆಪ್ಪುಗಟ್ಟಿದೆ ಎಂದರು. ಕಣ್ಣು ತೆರೆದು ನಮ್ಮಿಬ್ಬರನ್ನೂ ನೋಡುತ್ತಿದ್ದಳು, ತುಟಿ ಅಲ್ಲಾಡುತ್ತಿತ್ತು, ದನಿ ಬರಲಿಲ್ಲ. ಆ ತುಟಿಯನ್ನು ನಾನು ಎಷ್ಟು ನೋಡಿದರೂ ಊಹಿಸಲಾಗಲಿಲ್ಲ.

ಆಮೇಲೆ ಆ ಮನೆಯಲ್ಲಿ ನಾವಿಬ್ಬರೇ ಊಟಕ್ಕೆ ಕೂರುತ್ತಿದ್ದೆವು. ತಟ್ಟೆಗೆ ಚಮಚ ತಗಲುವ ಸದ್ದೂ ದೊಡ್ಡದಾಗಿ ಕೇಳಿಸುತ್ತಿತ್ತು. ನನಗೆ ಅಕ್ಕನ ದನಿಯನ್ನೊಮ್ಮೆ ಕೇಳಬೇಕು ಅನ್ನಿಸಿತು. ಬೈಗುಳವಾದರೂ ಸರಿ. ಹುಡುಕಿದೆ. ಫೋಟೋಗಳು ಬೇಕಾದಷ್ಟಿದ್ದವು. ಅವಳದು ಹಳೆಯ ಗುಂಡಿ ಫೋನು, ಅದರಲ್ಲಿ ಏನೂ ಉಳಿಯುತ್ತಿರಲಿಲ್ಲ. ನೆಂಟರ ಮದುವೆಗಳ ವಿಡಿಯೋಗಳಲ್ಲಿ ಅವಳು ಎಲ್ಲ ಕಡೆ ಬಾಯಿ ಆಡಿಸುತ್ತಲೇ ಇದ್ದಾಳೆ. ಆದರೆ ಆ ಪುಣ್ಯಾತ್ಮ ವಿಡಿಯೋದವರು ಮೊದಲಿನಿಂದ ಕೊನೆಯವರೆಗೆ ಹಾಡು ಹಾಕಿಬಿಟ್ಟಿದ್ದಾರೆ. ಅಷ್ಟು ಮಾತಾಡಿದವಳ ಒಂದು ಮಾತೂ ಎಲ್ಲಿಯೂ ಇಲ್ಲ.

ಆಗ ಕೊಕ್ಕರೆಯ ನಾಲ್ಕು ಗಂಟೆ ನೆನಪಾಯಿತು. ಎರಡೆರಡು ಮೆಟ್ಟಿಲು ಹಾರಿ ನೆಲಮಾಳಿಗೆಗೆ ಓಡಿದೆ.

“ಭಾವ, ಆ ಹುಡುಗಿ ಅಕ್ಕನ್ನ ರೆಕಾರ್ಡ್ ಮಾಡಿದ್ಲಲ್ಲ, ಆ ಕಾರ್ಡೆಲ್ಲಿ?”

ಅವರು ವೈರು ಸುತ್ತುತ್ತಿದ್ದರು. ಸುತ್ತುವುದು ನಿಲ್ಲಲಿಲ್ಲ. “ಅಳಿಸಿದೆ.”

“ಪೂರ್ತಿ?”

“ಪೂರ್ತಿ. ಪತ್ರದಲ್ಲಿ ಹಾಗೇ ಇತ್ತು.”

“ಹೆಂಡ್ತಿ ದನಿ ರೀ ಅದು! ಅಳಿಸೋಕೆ ಕೈ ಹೇಗೆ ಬಂತು ನಿಮಗೆ?”

“ಅವಳಾಗ ಮನೇಲಿದ್ಲು ಕಣಯ್ಯ” ಎಂದರು. ನಾನು ಬಾಯಿಗೆ ಬಂದ ಹಾಗೆ ಬೈದೆ. ಮನುಷ್ಯನೋ ಬೀರುವೋ ಎಂದೆ. ನಿಮ್ಮ ಜೊತೆ ಬಾಳಿ ಬಾಳಿಯೇ ಅವಳು ಗುರುತಿಲ್ಲದವರ ಮುಂದೆ ಅಳಬೇಕಾಯಿತು ಎಂದೂ ಅಂದೆ. ಅಷ್ಟು ಅನ್ನಬಾರದಿತ್ತು. ಅವರು ವೈರನ್ನು ಮೊಳೆಗೆ ಹಾಕಿ ಇನ್ನೊಂದನ್ನು ಕೈಗೆತ್ತಿಕೊಂಡರು. ಅಂದಿನಿಂದ ನಾನು ಮಾತು ಬಿಟ್ಟೆ, ಊಟಕ್ಕೂ ಹೋಗಲಿಲ್ಲ. ಐದು ತಿಂಗಳು ಒಂದೇ ಕಟ್ಟಡದಲ್ಲಿ ಮುಖ ತಿರುಗಿಸಿಕೊಂಡು ಓಡಾಡಿದೆವು. ಸರಿಯಾಗಿ ಹೇಳಬೇಕೆಂದರೆ ನಾನು ತಿರುಗಿಸಿದೆ. ಅವರು ಮೆಟ್ಟಿಲಲ್ಲಿ ಎದುರಾದಾಗಲೆಲ್ಲ, “ಊಟ ಆಯ್ತಾ?” ಎಂದು ಕೇಳುತ್ತಲೇ ಇದ್ದರು.

ಕೊನೆಯ ಆಸೆಯಿಂದ ಆಫೀಸಿನ ಕಡತದಲ್ಲಿ ವಿಳಾಸ ಹುಡುಕಿ ಕೊಕ್ಕರೆಗೆ ಬರೆದೆ. ಒಂಬತ್ತು ದಿನದ ಮೇಲೆ ಉತ್ತರ ಬಂತು. ಅಕ್ಕನ ಸುದ್ದಿ ಓದಿ ಕೆಲಸದ ಜಾಗದಲ್ಲೇ ಅತ್ತಳಂತೆ. ತನ್ನ ಹತ್ತಿರವಿದ್ದ ಪ್ರತಿಯನ್ನೂ, ಮಾಡಿದ ಚಿತ್ರವನ್ನೂ ಅಳಿಸಿದ್ದಾಗಿ ಬರೆದಿದ್ದಳು. “ಅಳಿಸಿ ಎಂದು ಅವರೇ ಗುರುತು ಹಾಕಿದ್ದರು. ನನ್ನನ್ನು ನಂಬಿ ಹೇಳಿದ್ದನ್ನು ಇಟ್ಟುಕೊಳ್ಳುವುದು ತಪ್ಪು ಅನ್ನಿಸಿತು. ಒಂದು ಮಾತ್ರ ಉಳಿಸಿಕೊಂಡೆ. ಆ ಅಡುಗೆಮನೆಯ ಒಂದು ನಿಮಿಷದ ಸದ್ದು. ಅದರಲ್ಲಿ ಯಾರೂ ಮಾತಾಡಿಲ್ಲ, ಆದ್ದರಿಂದ ನಿಯಮಕ್ಕೆ ಅಡ್ಡಿ ಬರುವುದಿಲ್ಲ ಎಂದುಕೊಂಡೆ. ಕ್ಷಮಿಸಿ. ಕಳಿಸಿದ್ದೇನೆ.”

ಅಕ್ಕನೇ ಗುರುತು ಹಾಕಿದ್ದಳೇ? ನನಗೆ ನಂಬಿಕೆ ಬರಲಿಲ್ಲ. ತನ್ನ ಮುಖ ವಿಡಿಯೋದಲ್ಲಿ ಬರಲಿ ಎಂದು ನೆಂಟರ ಮದುವೆಯಲ್ಲಿ ಮುಂದೆ ನುಗ್ಗುತ್ತಿದ್ದವಳು ಅವಳು. ಆ ಪತ್ರವನ್ನು ಕಣ್ಣಾರೆ ನೋಡಬೇಕೆಂದು, ಹುಡುಗಿ ಕಳಿಸಿದ್ದನ್ನು ಪೆನ್‌ಡ್ರೈವಿಗೆ ಹಾಕಿಕೊಂಡು ಕೆಳಗಿಳಿದೆ.

“ಅಕ್ಕನ ಒಪ್ಪಿಗೆ ಪತ್ರ ಕೊಡಿ” ಎಂದೆ. ಐದು ತಿಂಗಳ ಮೇಲೆ ಆಡಿದ ಮೊದಲ ಮಾತು.

ಭಾವ ನನ್ನನ್ನೇ ನೋಡಿದರು. “ಬೇಡ ಬಿಡು.”

“ಕೊಡಿ ಅಂದೆ.”

ಬೀರುವಿನ ಮೇಲಿನ ಖಾನೆಯಿಂದ ಕಡತ ತೆಗೆದು ಮೇಜಿನ ಮೇಲಿಟ್ಟರು. ಅಕ್ಕನ ಪತ್ರ ಹುಡುಕುವುದು ಕಷ್ಟವಾಗಲಿಲ್ಲ, ಅಂಚಿನಲ್ಲಿ ಹಿಟ್ಟಿನ ಬೆರಳಿನ ಗುರುತು ಒಣಗಿ ಕೂತಿತ್ತು. ಕೆಳಗೆ ಅವಳ ಸೊಟ್ಟ ಸಹಿ, ನೀಲಿ ಇಂಕಿನಲ್ಲಿ. ‘ಅಳಿಸಿಬಿಡಿ’ ಎಂಬ ಚೌಕದಲ್ಲಿ ಗುರುತು ಇತ್ತು. ಅದು ಹಸಿರು ಇಂಕು.

ನಮ್ಮ ಕಟ್ಟಡದಲ್ಲಿ ಹಸಿರು ಇಂಕಿನ ಹುಚ್ಚು ಇರುವವನು ನಾನೊಬ್ಬನೇ. ಆಫೀಸರ್ ಆಗದವನಿಗೆ ಆಫೀಸರ್ ಪೆನ್ನು ಎಂದು ಅಕ್ಕ ಆಡಿಕೊಳ್ಳುತ್ತಿದ್ದಳು.

ಎಲ್ಲ ನೆನಪಾಯಿತು. ಆ ಭಾನುವಾರ ಪತ್ರ ತುಂಬಿಸಲು ಒಯ್ದವನು ನಾನೇ. “ಎರಡರಲ್ಲಿ ಯಾವುದಕ್ಕೆ ಹಾಕ್ಬೇಕೋ?” ಎಂದು ಅವಳು ಕೇಳಿದ್ದಳು. “ಅಳಿಸಿ ಅನ್ನೋದಕ್ಕೇ ಹಾಕೋಣ ಕಣೇ, ಇಲ್ಲದಿದ್ರೆ ನಿನ್ನ ಹರಟೆ ಪ್ರಪಂಚಕ್ಕೆಲ್ಲ ಹಬ್ಬುತ್ತೆ” ಎಂದು ನಕ್ಕು ನಾನೇ ಗೀಚಿದ್ದೆ. ಅವಳೂ ನಕ್ಕು, ಹಿಟ್ಟಿನ ಕೈಯಲ್ಲೇ ಮೇಜಿನ ಮೇಲಿದ್ದ ಪೆನ್ನೆತ್ತಿ ಸಹಿ ಹಾಕಿದ್ದಳು. ಅರ್ಧ ನಿಮಿಷದ ಕೆಲಸ. ಆಮೇಲೆ ಮರೆತೇಬಿಟ್ಟಿದ್ದೆ.

ಅಲ್ಲಿದ್ದ ಸ್ಟೂಲಿನ ಮೇಲೆ ಕೂತೆ.

“ನಿಮಗೆ ಗೊತ್ತಿತ್ತಾ?”

“ಅಳಿಸೋವಾಗ್ಲೇ ನೋಡಿದ್ದೆ. ಅವಳೇ ಹೇಳಿ ಹಾಕಿಸಿರ್ತಾಳೆ ಅಂದ್ಕೊಂಡೆ.”

“ನಾನು ಅಷ್ಟು ಬೈದೆನಲ್ಲ, ಆವತ್ತಾದ್ರೂ ಹೇಳ್ಬಹುದಿತ್ತಲ್ಲ ಭಾವ.”

“ಬೈಯೋಕೆ ನಿನಗೆ ಒಬ್ಬರು ಬೇಕಿತ್ತು” ಎಂದರು. “ನಂಗೇನು, ಮೂವತ್ತೊಂದು ವರ್ಷದ ಅಭ್ಯಾಸ.”

ನಾನು ಎಲ್ಲಿಯೂ ಅತ್ತಿರಲಿಲ್ಲ, ಆಸ್ಪತ್ರೆಯಲ್ಲೂ. ಅಲ್ಲಿ ಅತ್ತೆ. ಭಾವ ಎದ್ದು ಬಾಗಿಲು ಹಾಕಿ ಬಂದು, ಮತ್ತೆ ಕೂತರು. ತುಂಬ ಹೊತ್ತಿನ ಮೇಲೆ ನಾನು ಕೇಳಿದೆ, ಅಳಿಸುವ ಮೊದಲು ಒಂದು ಸಲವಾದರೂ ಕೇಳಿಸಿಕೊಂಡಿರಾ ಎಂದು.

“ಇಲ್ಲ.”

“ಯಾಕೆ?”

“ಅದು ನನಗೆ ಹೇಳಿದ್ದಲ್ವಲ್ಲ.” ಕಡತ ಮುಚ್ಚುತ್ತಾ ಮುಂದುವರಿಸಿದರು. “ಹೆಡ್‌ಫೋನ್ ಕಿವಿಗೆ ಹಾಕ್ಕೊಂಡಿದ್ದೆ. ಆಮೇಲೆ ತೆಗೆದೆ. ಸಂಜೆ ಮನೆಗೆ ಹೋಗಿ, ಆ ಹುಡುಗಿ ಹತ್ರ ಏನು ಹೇಳ್ದೆ ಅಂತ ಕೇಳ್ಬೇಕು ಅಂತಿದ್ದೆ. ದಿನಾ ಅಂದ್ಕೊಳ್ತಿದ್ದೆ.”

ನಾನು ಪೆನ್‌ಡ್ರೈವ್ ತೆಗೆದು ಅವರ ಮುಂದಿಟ್ಟೆ. ಏನೆಂದು ಹೇಳಿದೆ. ಅವರು ಬೆರಳಿನಲ್ಲಿ ಅದನ್ನು ಒಂದೆರಡು ಸಲ ತಿರುಗಿಸಿ ನೋಡಿ, ಕಂಪ್ಯೂಟರಿಗೆ ಚುಚ್ಚಿದರು. ಅವರ ಹತ್ತಿರ ಒಳ್ಳೆಯ ಹೆಡ್‌ಫೋನು ಒಂದೇ ಇತ್ತು. ಅದನ್ನು ತಿರುಚಿ ಒಂದು ಕಿವಿ ಅವರು, ಒಂದು ಕಿವಿ ನಾನು ಹಿಡಿದುಕೊಂಡೆವು. ತಲೆಗೆ ತಲೆ ತಾಗಿತು.

ಮೊದಲು ಫ್ಯಾನು. ಅದರ ಒಂದು ರೆಕ್ಕೆ ಸ್ವಲ್ಪ ಬಾಗಿದೆ, ಸುತ್ತಿಗೊಮ್ಮೆ ಟಕ್ ಅನ್ನುತ್ತದೆ. ನಲ್ಲಿಯ ಹನಿ. ಕುದಿಯುವ ನೀರಿನ ಮೇಲಿನ ಮುಚ್ಚಳ ಸಣ್ಣಗೆ ಅದುರುವುದು. ಆಮೇಲೆ ಅವಳ ಉಸಿರು. ಸ್ವಲ್ಪ ಗೊರಗೊರ ಎನ್ನುತ್ತಿದ್ದ ಉಸಿರು, ಅದನ್ನು ನಾನು ಮರೆತೇಹೋಗಿದ್ದೆ. ಕುರ್ಚಿ ಕಿರುಗುಟ್ಟಿತು. ಮೂಗಿನಲ್ಲಿ ತಡೆದ ನಗು ಎರಡು ಸಲ ಸಿಡಿಯಿತು. ಬಾಗಿಲ ಕಡೆಯಿಂದ ಒಂದು ಸಣ್ಣ ಕೆಮ್ಮು, ಅದು ನಂದು. ಭಾವ ಕಣ್ಣು ಮುಚ್ಚಿಕೊಂಡಿದ್ದರು. ಪರದೆಯ ಮೇಲೆ ಸೆಕೆಂಡುಗಳು ಐವತ್ತು ದಾಟಿದವು. ಕೊನೆಗೆ ಅಕ್ಕ ಉದ್ದಕ್ಕೆ ಒಂದು ಉಸಿರೆಳೆದುಕೊಂಡಳು. ಅವಳು ಮಾತು ಶುರು ಮಾಡುವ ಮುಂಚೆ ಯಾವಾಗಲೂ ಹಾಗೆ ಎಳೆದುಕೊಳ್ಳುತ್ತಿದ್ದಳು. ನಮ್ಮಿಬ್ಬರಿಗೂ ಗೊತ್ತಿತ್ತು.

ಅಲ್ಲಿಗೆ ನಿಂತುಹೋಯಿತು. ಸರಿಯಾಗಿ ಅರವತ್ತು.

ಭಾವ ಮತ್ತೆ ಹಾಕಿದರು. ಮತ್ತೆ ಉಸಿರೆಳೆದುಕೊಂಡಳು, ಮತ್ತೆ ನಿಂತಿತು. ಮೂರನೇ ಸಲ ಅವರ ಬೆರಳು ತಾನಾಗಿ ಮೇಜಿನ ಮೇಲೆ ಗುಂಡಿ ಹುಡುಕುವ ಹಾಗೆ ಆಡಿತು.

“ನಾನೇ ನಿಲ್ಲಿಸಿದ್ದು” ಎಂದರು. “ಒಂದು ಸೆಕೆಂಡು ಬಿಟ್ಟಿದ್ರೆ ಅವಳು ‘ರೀ’ ಅಂತಿದ್ಲು.”

ಅವರು ಅತ್ತದ್ದನ್ನು ನಾನು ನೋಡಿದ್ದು ಅವತ್ತೇ. ಸಂಜೆ ಇಬ್ಬರೂ ಒಟ್ಟಿಗೆ ಮನೆಗೆ ಹೋಗಿ ಊಟ ಮಾಡಿದೆವು. ಚಮಚದ ಸದ್ದು ಹಾಗೆಯೇ ಇತ್ತು.

ಈ ಬೇಸಿಗೆಯಲ್ಲಿ ಹೊಸ ಮಕ್ಕಳು ಬಂದಿದ್ದಾರೆ. ಒಪ್ಪಿಗೆ ಪತ್ರ ತುಂಬಿಸುವಾಗ ನಾನೀಗ ಪೆನ್ನನ್ನು ಸಹಿ ಹಾಕುವವರ ಕೈಗೇ ಕೊಟ್ಟು, ಎರಡು ಚೌಕವನ್ನೂ ಓದಿ ಹೇಳಿ, ಆಚೆ ಹೋಗಿ ನಿಲ್ಲುತ್ತೇನೆ. ಮೊದಲ ದಿನ ಭಾವ ಎಂದಿನಂತೆ ಎಲ್ಲರನ್ನೂ ಕೋಣೆಯಲ್ಲಿ ನಿಲ್ಲಿಸಿ ಬಾಗಿಲು ಹಾಕಿದರು. ಭಾಷಾಂತರಕ್ಕೆ ನಾನಿದ್ದೆ. ಕೋಣೆಯ ಸದ್ದಿನ ಪಾಠ ಹೇಳಿ ಗುಂಡಿ ಒತ್ತಿದರು. ಒಂದು ನಿಮಿಷ ಆಯಿತು. ಅವರ ಕೈ ಮೇಲೇಳಲಿಲ್ಲ. ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಒಂದೂವರೆ ನಿಮಿಷಕ್ಕೆ ಯಾರೋ ಪಿಸುಗುಟ್ಟಿದರು, ಇನ್ಯಾರೋ ಜೋರಾಗಿ ನಕ್ಕರು. ಆಮೇಲೆ ನಿಲ್ಲಿಸಿದರು.

“ನಿಮಿಷ ಆಯ್ತು ಅಂತ ತಕ್ಷಣ ನಿಲ್ಲಿಸ್ಬೇಡಿ” ಎಂದರು. “ಎದುರಿಗಿರೋರು ಬಾಯಿ ಬಿಡೋವರೆಗೂ ಬಿಡಿ.”

ನಾನು ಅದನ್ನು ಅವರ ಭಾಷೆಗೆ ತಿರುಗಿಸಿ ಹೇಳಿದೆ. ಮುಂದಿನ ಸಾಲಿನಲ್ಲಿದ್ದ ಒಬ್ಬಳು, ಅವರು ಏನೂ ಮಾತಾಡದೇ ಇದ್ದರೆ ಎಷ್ಟು ಹೊತ್ತು ಕಾಯಬೇಕು ಎಂದು ಕೇಳಿದಳು. ಅದನ್ನು ಭಾವನಿಗೆ ಹೇಳಿದೆ.

ಅವರು ಕೈಗಡಿಯಾರ ಬಿಚ್ಚಿ ಮೇಜಿನ ಖಾನೆಯೊಳಗೆ ಹಾಕಿದರು.

“ನಾನಿನ್ನೂ ಕಾಯ್ತಾ ಇದೀನಿ ಅಂತ ಹೇಳು” ಎಂದರು.

ಅದೊಂದನ್ನು ನಾನು ಭಾಷಾಂತರ ಮಾಡಲಿಲ್ಲ.